ಚಾರ್ಮಾಡಿ ಇಳಿಯುವಾಗ ಹಿಂದೆ ಉಳಿದವರು ಎಲ್ಲಿ? ಪಾದಯಾತ್ರೆಗೆ ನಾವೇ ಕಟ್ಟಿಕೊಂಡ ಲೊಕೇಶನ್ ವ್ಯವಸ್ಥೆ

ಶಿವರಾತ್ರಿಗೆ ಹಾಸನದಿಂದ ಧರ್ಮಸ್ಥಳಕ್ಕೆ ನಡೆದು ಹೋಗುವ ಯಾವ ತಂಡಕ್ಕಾದರೂ ಒಂದು ಲಗೇಜ್ ಗಾಡಿ ಬೇಕೇ ಬೇಕು. ಬ್ಯಾಗು, ಚಾಪೆ, ನೀರಿನ ಕ್ಯಾನು, ಗ್ಯಾಸ್ ಸ್ಟೌವು, ಕಾಲಿಗೆ ಹಚ್ಚುವ ಮುಲಾಮು ಎಲ್ಲವೂ ಅದರಲ್ಲೇ. ಆ ಗಾಡಿ ಓಡಿಸುವವನಿಗೆ ಬೆಳಗಿನಿಂದ ರಾತ್ರಿವರೆಗೂ ಬೇಕಾಗಿರುವ ಸುದ್ದಿ ಒಂದೇ: ಎಲ್ಲರಿಗಿಂತ ಹಿಂದೆ ಉಳಿದವರು ಈಗ ಎಲ್ಲಿದ್ದಾರೆ? ಬೇಲೂರು ಮುಟ್ಟುವಷ್ಟರಲ್ಲೇ ತಂಡ ಚದುರಿರುತ್ತದೆ. ಮುಂದಿನವರು ಊಟಕ್ಕೆ ಕೂತಿರುತ್ತಾರೆ, ಹಿಂದಿನವರು ಬೊಬ್ಬೆ ಬಂದ ಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತಾ ಯಾವುದೋ ಮೋರಿ ಕಟ್ಟೆಯ ಮೇಲೆ ಕೂತಿರುತ್ತಾರೆ. ಫೋನು ಮಾಡಿದರೆ ಮಾತು ಹೀಗೆ ಸಾಗುತ್ತದೆ:

"ಅಣ್ಣಾ, ಎಲ್ಲಿದೀರಾ?"

"ಇಲ್ಲೇ ಕಣೋ, ಈಗ ಒಂದು ಬಂಕ್ ದಾಟಿದ್ವಿ."

"ಯಾವ ಬಂಕಣ್ಣಾ?"

"ಯಾವ್ದೋ ಗೊತ್ತಿಲ್ಲಪ್ಪ, ಎದುರಿಗೊಂದು ತೋಟ ಐತೆ."

ಮೂಡಿಗೆರೆ ರಸ್ತೆಯಲ್ಲಿ ಎದುರಿಗೆ ತೋಟ ಇಲ್ಲದ ಜಾಗ ಯಾವುದಿದೆ? ಅದಲ್ಲದೆ ಬೇಲೂರು, ಮೂಡಿಗೆರೆ ಎರಡೂ ಕಡೆ ಕಾಡಾನೆಗಳ ಓಡಾಟ ಇದೆ. ಬೆಳಗಿನ ಜಾವದ ಕತ್ತಲಲ್ಲಿ ಒಬ್ಬೊಬ್ಬರೇ ನಡೆಯುವುದು ಅಪಾಯ. ಹೀಗಾಗಿ ಈ ಸಲ ಹೊರಡುವ ಮುಂಚೆಯೇ ಫೋನುಗಳಲ್ಲಿ ಒಂದು ಸರಿಯಾದ ವ್ಯವಸ್ಥೆ ಮಾಡಿಕೊಳ್ಳೋಣ ಅಂತ ತೀರ್ಮಾನ ಮಾಡಿದೆವು. ಆ ಕೆಲಸದ ವಿವರ ಇಲ್ಲಿದೆ. ಬೇರೆ ತಂಡದವರಿಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಇರುವ ಆ್ಯಪ್‌ಗಳು ಸಾಲದೇ?

ಒಂದು ಸಂಜೆಯ ಮಟ್ಟಿಗೆ ಧಾರಾಳವಾಗಿ ಸಾಕು. ವಾಟ್ಸ್‌ಆ್ಯಪ್‌ನಲ್ಲಿ 2017ರಿಂದ ಲೈವ್ ಲೊಕೇಶನ್ ಇದೆ. 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ಆಯ್ಕೆ. ಸಮಯ ಮುಗಿದ ಮೇಲೆ ತಾನಾಗಿ ನಿಲ್ಲುತ್ತದೆ, ಅದೇ ಅದರ ಒಳ್ಳೆಯ ಗುಣ. ಗೂಗಲ್ ಮ್ಯಾಪ್ಸ್‌ನಲ್ಲಿ ನಾವೇ ನಿಲ್ಲಿಸುವವರೆಗೂ ಹಂಚಬಹುದು, ಎದುರಿನವರ ಫೋನಿನ ಬ್ಯಾಟರಿ ಎಷ್ಟಿದೆ ಅಂತಲೂ ಕಾಣುತ್ತದೆ. ಸ್ಟೇಶನ್ನಿಗೆ ಯಾರನ್ನೋ ಕರೆಯಲು ಹೋಗುವಾಗ, ಹಾಸನಾಂಬ ದರ್ಶನದ ಸಾಲಿನಲ್ಲಿ ಗೆಳೆಯರು ತಪ್ಪಿಹೋದಾಗ ಇವೆರಡೇ ಸಾಕು.

ನಮಗೆ ತೊಡಕಾಗಿದ್ದು ಯಾರಿಗೆ ಎಷ್ಟು ಕಾಣಬೇಕು ಅನ್ನುವ ವಿಷಯದಲ್ಲಿ. ಗಾಡಿಯವನಿಗೆ ಎಲ್ಲರ ಜಾಗವೂ ನಿಖರವಾಗಿ ಕಾಣಬೇಕು. ನಡೆಯುವವರಿಗೆ ಪರಸ್ಪರ ಕಾಣಬೇಕು. ಮನೆಯವರಿಗೆ "ಬೇಲೂರು ದಾಟಿದ್ದಾರೆ, ಮೂಡಿಗೆರೆ ಹತ್ತಿರ ಇದ್ದಾರೆ" ಅನ್ನುವಷ್ಟು ತಿಳಿದರೆ ಸಾಕು. ಯಾವ ಹೋಟೆಲಿನ ಮುಂದೆ ಎಷ್ಟು ಹೊತ್ತು ಕೂತಿದ್ದರು ಅನ್ನುವ ಲೆಕ್ಕ ಅವರಿಗೂ ಬೇಡ, ನಮಗೂ ಬೇಡ. ನಡೆಯುವವರಲ್ಲಿ ಇಬ್ಬರು "ಮನೆಗೆ ಗೊತ್ತಾಗೋದು ಬೇಡ ಅಂತಲ್ಲ, ಹೆಜ್ಜೆಹೆಜ್ಜೆಗೂ ಗೊತ್ತಾಗೋದು ಬೇಡ" ಅಂದರು. ನನಗೆ ಆ ಮಾತು ನ್ಯಾಯವಾಗಿಯೇ ಕಂಡಿತು. ತಾನು ಎಲ್ಲಿದ್ದೇನೆ ಅನ್ನುವುದನ್ನು ಯಾರಿಗೆ, ಎಷ್ಟು ಹೊತ್ತು, ಎಷ್ಟು ನಿಖರವಾಗಿ ಹೇಳಬೇಕು ಅನ್ನುವ ತೀರ್ಮಾನ ನಡೆಯುವವನದೇ. ಉಳಿದ ಎಲ್ಲವನ್ನೂ ಈ ಒಂದು ಷರತ್ತಿನ ಸುತ್ತ ಕಟ್ಟಿದೆವು.

ಆರಿಸಿಕೊಂಡಿದ್ದು ಓನ್‌ಟ್ರ್ಯಾಕ್ಸ್ ಅನ್ನುವ ಮುಕ್ತ ತಂತ್ರಾಂಶದ ಆ್ಯಪ್. ಆಂಡ್ರಾಯ್ಡಿಗೂ ಐಫೋನಿಗೂ ಸಿಗುತ್ತದೆ, ದುಡ್ಡಿಲ್ಲ. ಇದು ಲೊಕೇಶನ್ನನ್ನು ಆ್ಯಪ್ ಮಾಡಿದವರ ಕಂಪ್ಯೂಟರಿಗೆ ಕಳಿಸುವುದಿಲ್ಲ, ನಾವು ಹೇಳಿದ ಸರ್ವರಿಗೆ ಕಳಿಸುತ್ತದೆ. ಹಾಗಾಗಿ ಸರ್ವರು ನಮ್ಮದೇ ಆಗಿರಬೇಕು.

ಸರ್ವರು

ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪನ್ನೇ ಸರ್ವರು ಮಾಡುವ ಆಸೆ ಇತ್ತು. ಆದರೆ ಮನೆಯ ಫೈಬರ್ ಸಂಪರ್ಕಕ್ಕೆ ಹೊರಗಿನಿಂದ ತಲುಪುವಂಥ ಸ್ವಂತ ವಿಳಾಸ ಇಲ್ಲ. ಈಗ ಬಹಳಷ್ಟು ಕಡೆ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ನಿಮ್ಮದೂ ಹಾಗೇ ಇದೆಯಾ ಅಂತ ನೋಡುವುದು ಸುಲಭ. ರೂಟರಿನ ಪುಟ ತೆರೆದು ಹೊರಬದಿಯ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ಹಂಚಿಕೆಯ ವಿಳಾಸ, ಅಲ್ಲಿಗೆ ಹೊರಗಿನಿಂದ ಯಾರೂ ನೇರ ಬರಲಾರರು. ಲ್ಯಾಪ್‌ಟಾಪನ್ನು ಕಪಾಟಿಗೆ ಸೇರಿಸಿ, ತಿಂಗಳ ಬಾಡಿಗೆಗೆ ಒಂದು ಪುಟ್ಟ ಕ್ಲೌಡ್ ಸರ್ವರು ತೆಗೆದುಕೊಂಡು ಡೆಬಿಯನ್ ಅನ್ನುವ ಲಿನಕ್ಸ್ ಹಾಕಿದೆ. ಈ ಕೆಲಸಕ್ಕೆ ಸಿಗುವುದರಲ್ಲೇ ಚಿಕ್ಕದು ಸಾಕು.

ಅದರ ಮೇಲೆ ಮಸ್ಕಿಟೊ ಅನ್ನುವ ಎಂಕ್ಯೂಟಿಟಿ ಬ್ರೋಕರ್. ಎಂಕ್ಯೂಟಿಟಿ ಅಂದರೆ ಚಿಕ್ಕ ಚಿಕ್ಕ ಸಂದೇಶ ಕಳಿಸುವ ಒಂದು ಪದ್ಧತಿ, ಬ್ರೋಕರ್ ಅಂದರೆ ಆ ಸಂದೇಶಗಳನ್ನು ತೆಗೆದುಕೊಂಡು ಬೇಕಾದವರಿಗೆ ತಲುಪಿಸುವ ಅಂಚೆ ಕಚೇರಿಯಂಥ ತಂತ್ರಾಂಶ. ಎಂಕ್ಯೂಟಿಟಿ ಹುಟ್ಟಿದ್ದು 1999ರಲ್ಲಿ. ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಕಾಮ್ ಕಂಪನಿಯ ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದ್ದು ದೂರದ ತೈಲ ಕೊಳವೆಗಳ ಮೇಲೆ ಉಪಗ್ರಹ ಸಂಪರ್ಕದ ಮೂಲಕ ಕಣ್ಣಿಡುವುದಕ್ಕೆ. ಆ ಕಾಲಕ್ಕೆ ಉಪಗ್ರಹದಲ್ಲಿ ಕಳಿಸುವ ಒಂದೊಂದು ಅಕ್ಷರಕ್ಕೂ ದುಡ್ಡು, ಸಂಪರ್ಕವೂ ಆಗಾಗ ಕಡಿಯುತ್ತಿತ್ತು. ಕಡಿದುಹೋಗುವ, ಕಡಿಮೆ ಸಾಮರ್ಥ್ಯದ ಸಂಪರ್ಕವೇ ಇರುವುದು ಅಂತ ಮೊದಲೇ ಒಪ್ಪಿಕೊಂಡು ಮಾಡಿದ್ದರಿಂದ ಮಲೆನಾಡಿನ ಮೊಬೈಲ್ ಸಿಗ್ನಲ್ಲಿಗೆ ಇದು ಚೆನ್ನಾಗಿ ಹೊಂದುತ್ತದೆ. ಒಂದು ಲೊಕೇಶನ್ ಸಂದೇಶ ಅಂದರೆ ಕೆಲವು ನೂರು ಅಕ್ಷರ, ಅಷ್ಟೇ. ಟೂಜಿ ಸಿಕ್ಕರೂ ಹೋಗುತ್ತದೆ.

ಮಸ್ಕಿಟೊ ಹಾಕುವವರಿಗೆ ಎರಡು ಮಾತು. 2.0 ಆವೃತ್ತಿಯಿಂದ ಈಚೆಗೆ ಅದು ಸುಮ್ಮನೆ ಹಾಕಿದರೆ ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ. ಯಾವ ಪೋರ್ಟಿನಲ್ಲಿ, ಅಂದರೆ ಯಾವ ಸಂಖ್ಯೆಯ ಬಾಗಿಲಿನಲ್ಲಿ ಕೇಳಬೇಕು ಅಂತ ಸೆಟ್ಟಿಂಗ್ಸ್ ಫೈಲಿನಲ್ಲಿ ನಾವೇ ಬರೆಯಬೇಕು. ಫೋನುಗಳಿಗೆ ನಾವು 8883 ಮಾತ್ರ ತೆರೆದೆವು, ಅದು ಟಿಎಲ್‌ಎಸ್ ಅನ್ನುವ ಗೂಢಲಿಪಿಯ ಬೀಗ ಇರುವ ಪೋರ್ಟು. ಬೀಗವಿಲ್ಲದ 1883 ಹೊರಗೆ ಕಾಣಲೇಬಾರದು. ಎರಡನೆಯದು, ಆ ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ತೆಗೆದುಕೊಂಡರೆ ಅದರ ಖಾಸಗಿ ಕೀಲಿಯನ್ನು ಓದುವ ಅಧಿಕಾರ ಮಸ್ಕಿಟೊಗೆ ಇರುವುದಿಲ್ಲ. ಪ್ರಮಾಣಪತ್ರ ನವೀಕರಣ ಆದಾಗಲೆಲ್ಲ ಕೀಲಿಯನ್ನು ಮಸ್ಕಿಟೊದ ಫೋಲ್ಡರಿಗೆ ನಕಲು ಮಾಡಿ, ಅದಕ್ಕೆ ಮತ್ತೆ ಓದಿಕೋ ಅಂತ ಸೂಚನೆ ಕೊಡುವ ನಾಲ್ಕು ಸಾಲಿನ ಸ್ಕ್ರಿಪ್ಟು ಬರೆದಿಡಿ. ಇಲ್ಲದಿದ್ದರೆ ಹಳೇ ಪತ್ರದ ಅವಧಿ ಮುಗಿದ ದಿನ ಎಲ್ಲರ ಫೋನೂ ಒಟ್ಟಿಗೆ ಕೈಕೊಡುತ್ತದೆ, ಅದೂ ಯಾತ್ರೆಯ ಮಧ್ಯೆ.

ಯಾರಿಗೆ ಏನು ಕಾಣಬೇಕು

ಇಡೀ ಕೆಲಸದ ಜೀವಾಳ ಇದು. ಓನ್‌ಟ್ರ್ಯಾಕ್ಸ್ ಪ್ರತಿ ಫೋನಿಗೂ ಅದರ ಸಂದೇಶಗಳು ಹೋಗಿ ಸೇರುವ ಒಂದು ವಿಳಾಸ ಕೊಡುತ್ತದೆ: ಮೊದಲು ಓನ್‌ಟ್ರ್ಯಾಕ್ಸ್, ಓರೆಗೆರೆ, ಬಳಕೆದಾರನ ಹೆಸರು, ಓರೆಗೆರೆ, ಫೋನಿನ ಹೆಸರು. ಮಸ್ಕಿಟೊದಲ್ಲಿ ಎಸಿಎಲ್ ಅನ್ನುವ ಒಂದು ಸಾದಾ ಫೈಲು ಇದೆ. ಯಾವ ಬಳಕೆದಾರ ಯಾವ ವಿಳಾಸಕ್ಕೆ ಬರೆಯಬಹುದು, ಯಾವುದನ್ನು ಓದಬಹುದು ಅಂತ ಅದರಲ್ಲಿ ಸಾಲುಸಾಲಾಗಿ ಬರೆಯುತ್ತಾ ಹೋಗುವುದು.

ನಮ್ಮ ಫೈಲಿನ ಸಾರಾಂಶ ಹೀಗಿತ್ತು. ನಡೆಯುವ ಪ್ರತಿಯೊಬ್ಬನೂ ತನ್ನ ವಿಳಾಸಕ್ಕೆ ಮಾತ್ರ ಬರೆಯಬಹುದು, ತಂಡದ ಉಳಿದವರದನ್ನು ಓದಬಹುದು. ಗಾಡಿಯವನು ಎಲ್ಲರದನ್ನೂ ಓದಬಹುದು. ಮನೆಯವರ ಖಾತೆಗಳಿಗೆ ನಡೆಯುವವರ ಅಸಲಿ ವಿಳಾಸ ಕಾಣುವುದೇ ಇಲ್ಲ. ಅವರಿಗಾಗಿ "ಮನೆ" ಅನ್ನುವ ಬೇರೆ ಬಳಕೆದಾರನನ್ನು ಹುಟ್ಟಿಸಿ, ಆ ವಿಳಾಸವನ್ನು ಓದಲು ಮಾತ್ರ ಅನುಮತಿ ಕೊಟ್ಟೆವು.

"ಮನೆ" ವಿಳಾಸಕ್ಕೆ ಬರೆಯುವುದು ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟು. ಅದು ನಡೆಯುವವರ ಸಂದೇಶ ಓದಿ, ಅಕ್ಷಾಂಶ ರೇಖಾಂಶಗಳನ್ನು ದಶಾಂಶದ ಎರಡು ಸ್ಥಾನಕ್ಕೆ ಇಳಿಸಿ, ಅರ್ಧ ಗಂಟೆಗೊಮ್ಮೆ ಮಾತ್ರ ಮುಂದಕ್ಕೆ ಕಳಿಸುತ್ತದೆ. ಅಕ್ಷಾಂಶದ 0.01 ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 1.1 ಕಿಲೋಮೀಟರ್. ನಮ್ಮ 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ರೇಖಾಂಶದ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ. ಊರು ತಿಳಿಯುತ್ತದೆ, ಹೋಟೆಲು ತಿಳಿಯುವುದಿಲ್ಲ. ಮೂರು ಸ್ಥಾನ ಬಿಟ್ಟಿದ್ದರೆ ನೂರು ಮೀಟರಿನ ಒಳಗೆ ಬಂದುಬಿಡುತ್ತಿತ್ತು. ಕಳಿಸುವ ಮುಂಚೆ ಸಂದೇಶದಲ್ಲಿನ ವೇಗ, ಎತ್ತರ ಎಲ್ಲ ತೆಗೆದುಹಾಕಿ. ಬ್ಯಾಟರಿ ಬೇಕಾದರೆ ಇರಲಿ. ಫೋನು ಎತ್ತದಿದ್ದಾಗ ಕಾರಣ ಏನು ಅಂತ ಮನೆಯವರಿಗೆ ತಿಳಿಯುತ್ತದೆ.

ಪರೀಕ್ಷೆ ಮಾಡುವವರು ಒಂದು ವಿಷಯ ತಿಳಿದಿರಬೇಕು. ಅನುಮತಿ ಇಲ್ಲದ ವಿಳಾಸಕ್ಕೆ ಚಂದಾ ಕೇಳಿದರೂ, ಅಂದರೆ ಅಲ್ಲಿಗೆ ಬರುವ ಸಂದೇಶ ನನಗೂ ಕಳಿಸು ಅಂದರೂ, ಮಸ್ಕಿಟೊ "ಆಯ್ತು" ಅಂತಲೇ ಉತ್ತರ ಕೊಡುತ್ತದೆ. ಎಸಿಎಲ್ ಫೈಲಿನ ತಡೆ ಇರುವುದು ಸಂದೇಶ ತಲುಪಿಸುವ ಹೊತ್ತಿನಲ್ಲಿ. ಆದ್ದರಿಂದ ದೋಷದ ಸಂದೇಶ ಬರಲಿಲ್ಲ ಅಂದರೆ ಎಲ್ಲವೂ ಸೋರುತ್ತಿದೆ ಅಂತ ಗಾಬರಿಯಾಗಬೇಕಿಲ್ಲ, ಬಿಗಿಯಾಗಿದೆ ಅಂತ ನಂಬಿಕೊಳ್ಳಲೂ ಬಾರದು. ಮನೆಯವರ ಖಾತೆಯಲ್ಲಿ ಒಂದು ಫೋನು, ನಡೆಯುವವನ ಖಾತೆಯಲ್ಲಿ ಇನ್ನೊಂದು ಫೋನು ಇಟ್ಟುಕೊಂಡು, ರಸ್ತೆಗೆ ಹೋಗಿ ನಿಜವಾಗಿ ನಡೆದು ನೋಡುವುದೇ ಸರಿಯಾದ ಪರೀಕ್ಷೆ. ನಾವು ಎನ್.ಆರ್. ಸರ್ಕಲ್ಲಿನಿಂದ ಡೈರಿ ಸರ್ಕಲ್ಲಿನ ಕಡೆ ನಡೆಯುತ್ತಾ ಇದನ್ನು ಮಾಡಿದೆವು. ಗಾಡಿಯವನ ಫೋನಿನಲ್ಲಿ ಚುಕ್ಕಿ ರಸ್ತೆಯ ಮೇಲೇ ಸಾಗುತ್ತಿತ್ತು. ಮನೆಯವರ ಫೋನಿನಲ್ಲಿ ಅದು ಬಹಳ ಹೊತ್ತು ಒಂದೇ ಕಡೆ ಇದ್ದು, ಆಮೇಲೆ ಪಕ್ಕದ ಚೌಕಕ್ಕೆ ಜಿಗಿಯಿತು.

ನಡೆದ ಇತಿಹಾಸವನ್ನೆಲ್ಲ ಕೂಡಿಡುವ ರೆಕಾರ್ಡರ್ ಅನ್ನುವ ಜೊತೆ ತಂತ್ರಾಂಶವೂ ಓನ್‌ಟ್ರ್ಯಾಕ್ಸ್‌ನವರದೇ ಇದೆ. ನಕ್ಷೆಯ ಮೇಲೆ ಇಡೀ ದಾರಿ ಗೆರೆಯಾಗಿ ಬರುತ್ತದೆ, ನೋಡಲು ಚೆಂದ. ನಾವು ಬೇಕಂತಲೇ ಹಾಕಲಿಲ್ಲ. ಈಗ ಎಲ್ಲಿದ್ದಾರೆ ಅಂತ ತಿಳಿಯುವುದಕ್ಕೆ ನಿನ್ನೆ ಎಲ್ಲಿದ್ದರು ಅನ್ನುವುದರ ಅಗತ್ಯ ಇಲ್ಲ.

ಫೋನುಗಳು

ಸರ್ವರು ಒಂದು ಭಾನುವಾರದ ಕೆಲಸ. ಫೋನುಗಳು ಹಾಗಲ್ಲ. ಒಬ್ಬೊಬ್ಬರ ಫೋನು ಒಂದೊಂದು ಥರ.

ಸೆಟ್ಟಿಂಗ್ಸ್ ಹಂಚುವುದು ಸುಲಭವೇ. ಓನ್‌ಟ್ರ್ಯಾಕ್ಸ್ ತನ್ನ ಎಲ್ಲ ಸೆಟ್ಟಿಂಗನ್ನೂ ಒಂದು ಫೈಲಾಗಿ ಹೊರಕ್ಕೆ ಕೊಡುತ್ತದೆ. ಆ ಫೈಲನ್ನು ಇನ್ನೊಂದು ಫೋನಿನಲ್ಲಿ ತೆರೆದರೆ ಸರ್ವರಿನ ಹೆಸರು, ಪೋರ್ಟು, ಖಾತೆ, ಪಾಸ್‌ವರ್ಡ್ ಎಲ್ಲ ತುಂಬಿಕೊಳ್ಳುತ್ತವೆ. ಪಾಸ್‌ವರ್ಡೂ ಅದರಲ್ಲೇ ಇರುವುದರಿಂದ ಆ ಫೈಲನ್ನು ಗ್ರೂಪಿಗೆ ಹಾಕಬೇಡಿ. ಎದುರಾಎದುರು ಕೂತು ಬ್ಲೂಟೂತಿನಲ್ಲಿ ಕೊಡಿ.

ಕಷ್ಟ ಇರುವುದು ಆ್ಯಪನ್ನು ಜೀವಂತವಾಗಿ ಇಡುವುದರಲ್ಲಿ. ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ನಿದ್ದೆ ವ್ಯವಸ್ಥೆ ಇದೆ. ಆಂಡ್ರಾಯ್ಡ್ 8ರಿಂದ ಹಿನ್ನೆಲೆಯಲ್ಲಿರುವ ಆ್ಯಪಿಗೆ ಗಂಟೆಗೆ ಕೆಲವೇ ಸಲ ಲೊಕೇಶನ್ ಸಿಗುತ್ತದೆ. ಆಂಡ್ರಾಯ್ಡ್ 10ರಿಂದ "ಎಲ್ಲ ಸಮಯದಲ್ಲೂ" ಅನ್ನುವ ಅನುಮತಿಯನ್ನು ಬೇರೆಯಾಗಿ ಕೊಡಬೇಕು. ಆಂಡ್ರಾಯ್ಡ್ 12ರಿಂದ "ನಿಖರ" ಮತ್ತು "ಅಂದಾಜು" ಅಂತ ಎರಡು ಬಂದಿವೆ. ಇವೆಲ್ಲ ಬಂದಿದ್ದು ಬಳಕೆದಾರನ ಒಳ್ಳೆಯದಕ್ಕೇ. ಕದ್ದು ಲೊಕೇಶನ್ ಎತ್ತುವ ಆ್ಯಪ್‌ಗಳಿಗೆ ಇದರಿಂದ ಕಡಿವಾಣ ಬಿದ್ದಿದೆ. ಒಪ್ಪಿಕೊಂಡೇ ಹಂಚುವ ನಮ್ಮಂಥವರು ಒಂದೊಂದನ್ನೂ ಕೈಯಾರೆ ಸಡಿಲಿಸಬೇಕು, ಅಷ್ಟೇ. ಇದರ ಮೇಲೆ ಫೋನು ತಯಾರಿಸುವ ಕೆಲವರು ತಮ್ಮದೇ ಬ್ಯಾಟರಿ ಉಳಿತಾಯದ ಪದರ ಹಾಕಿರುತ್ತಾರೆ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಅದು ಆ್ಯಪನ್ನೇ ಮುಚ್ಚಿಹಾಕುತ್ತದೆ.

ಪ್ರತಿ ಫೋನನ್ನೂ ಕೈಗೆ ತೆಗೆದುಕೊಂಡು ಮಾಡಿದ್ದು ಇಷ್ಟು. ಲೊಕೇಶನ್ ಅನುಮತಿ ಎಲ್ಲ ಸಮಯದಲ್ಲೂ, ನಿಖರ ಅನ್ನುವುದು ಆನ್. ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್. ಆಟೋಸ್ಟಾರ್ಟ್ ಇದ್ದರೆ ಅದೂ ಆನ್. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಓನ್‌ಟ್ರ್ಯಾಕ್ಸ್ ಮೇಲೆ ಒತ್ತಿಹಿಡಿದು ಲಾಕ್. ಇಷ್ಟಾದ ಮೇಲೆ ಮೇಲ್ಗಡೆ ಓನ್‌ಟ್ರ್ಯಾಕ್ಸ್‌ನ ಸೂಚನೆ ಸದಾ ಕಾಣುತ್ತಿರಬೇಕು. ಅದು ಕಿರಿಕಿರಿ ಅಂತ ತೆಗೆಯಬೇಡಿ. "ನೀನು ಈಗ ಹಂಚುತ್ತಿದ್ದೀಯ" ಅಂತ ಫೋನಿನ ಒಡೆಯನಿಗೆ ನೆನಪಿಸುವುದು ಅದೇ. ನಿಲ್ಲಿಸಬೇಕು ಅನ್ನಿಸಿದಾಗ ಆ್ಯಪಿನ ಮೇಲ್ಭಾಗದ ಗುಂಡಿಯಿಂದ, ಏನೂ ಕಳಿಸದ ಕ್ವೈಟ್ ಮೋಡಿಗೆ ಹೋಗುವುದನ್ನೂ ಪ್ರತಿಯೊಬ್ಬರಿಗೂ ಮಾಡಿ ತೋರಿಸಿದೆ. ಯಾರನ್ನೂ ಕೇಳಬೇಕಿಲ್ಲ, ಕಾರಣ ಹೇಳಬೇಕಿಲ್ಲ ಅಂತ ಮೊದಲೇ ಮಾತಾಗಿತ್ತು.

ಓನ್‌ಟ್ರ್ಯಾಕ್ಸ್‌ಗೆ ನಾಲ್ಕು ಮೋಡ್. ಕ್ವೈಟ್‌ನಲ್ಲಿ ಏನೂ ಕಳಿಸುವುದಿಲ್ಲ. ಮ್ಯಾನುವಲ್‌ನಲ್ಲಿ ಗುಂಡಿ ಒತ್ತಿದಾಗ ಮಾತ್ರ. ಸಿಗ್ನಿಫಿಕೆಂಟ್‌ನಲ್ಲಿ ಒಂದಿಷ್ಟು ದೂರ ಸರಿದಾಗ, ಕಡಿಮೆ ಬ್ಯಾಟರಿ ಖರ್ಚಿನಲ್ಲಿ. ಮೂವ್‌ನಲ್ಲಿ ಜಿಪಿಎಸ್ ಹಚ್ಚಿಟ್ಟುಕೊಂಡು ನಿರಂತರವಾಗಿ. ಎಲ್ಲರಿಗೂ ಮೂವ್ ಇಟ್ಟರೆ ಸಂಜೆಯ ಒಳಗೆ ಅರ್ಧ ತಂಡದ ಫೋನು ಆರಿಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಎಲ್ಲರೂ ಸಿಗ್ನಿಫಿಕೆಂಟ್, ಕೊನೆಯಲ್ಲಿ ನಡೆಯುವ ಇಬ್ಬರು ಮಾತ್ರ ಮೂವ್, ಅವರ ಜೇಬಿನಲ್ಲಿ ಪವರ್ ಬ್ಯಾಂಕ್.

ಗೆಂಡೆಕಟ್ಟೆಯಲ್ಲಿ ಕಂಡಿದ್ದು

ಮರಗಳ ಕೆಳಗೆ ಹೇಗೆ ಅಂತ ನೋಡಲು ಗೆಂಡೆಕಟ್ಟೆ ಕಾಡಿಗೆ ಹೋದೆವು. ಅಲ್ಲಿ ಬಂದ ಸಂದೇಶವನ್ನು ಸರ್ವರಿನಲ್ಲಿ ಬಿಡಿಸಿ ನೋಡಿದರೆ ಅದರೊಳಗೆ ಅಕ್ಷಾಂಶ, ರೇಖಾಂಶ, ಬ್ಯಾಟರಿ 63, ವೇಗ 4, ಸಂಪರ್ಕ ಮೊಬೈಲ್ ಅಂತೆಲ್ಲ ಇತ್ತು. ಜೊತೆಗೆ ಎಸಿಸಿ ಅನ್ನುವ ಒಂದು ಸಂಖ್ಯೆ. ಅದು ಮೀಟರಿನಲ್ಲಿ ಇರುತ್ತದೆ: ನಾನು ಹೇಳಿದ ಜಾಗಕ್ಕೂ ಅಸಲಿ ಜಾಗಕ್ಕೂ ಇಷ್ಟು ವ್ಯತ್ಯಾಸ ಇರಬಹುದು ಅಂತ ಫೋನು ತಾನೇ ಒಪ್ಪಿಕೊಳ್ಳುವ ಲೆಕ್ಕ. ಮೂವ್ ಮೋಡಿನ ಫೋನಿನಲ್ಲಿ ಅದು ಹತ್ತು ಹದಿನೈದರ ಆಸುಪಾಸು. ಪಕ್ಕದಲ್ಲೇ ನಿಂತಿದ್ದ ಸಿಗ್ನಿಫಿಕೆಂಟ್ ಮೋಡಿನ ಫೋನಿನಲ್ಲಿ ಸಾವಿರ ದಾಟಿತ್ತು.

ಕಾರಣ ಇದು. ಸಿಗ್ನಿಫಿಕೆಂಟ್ ಮೋಡಿನಲ್ಲಿ ಫೋನು ಜಿಪಿಎಸ್ಸನ್ನು ಆದಷ್ಟು ಎಬ್ಬಿಸದೆ, ಹತ್ತಿರದ ವೈಫೈ ಮತ್ತು ಮೊಬೈಲ್ ಟವರುಗಳಿಂದ ಜಾಗ ಅಂದಾಜು ಮಾಡುತ್ತದೆ. ಪೇಟೆಯಲ್ಲಿ ಮನೆಗೊಂದು ವೈಫೈ ಇರುವುದರಿಂದ ಅಂದಾಜು ಚೆನ್ನಾಗಿಯೇ ಬರುತ್ತದೆ. ಕಾಡಿನಲ್ಲಿ, ಕಾಫಿ ತೋಟದ ಮಧ್ಯೆ ವೈಫೈ ಇಲ್ಲ, ಟವರೂ ದೂರ. ಚುಕ್ಕಿ ಬೆಟ್ಟದ ಆಚೆ ಎಲ್ಲೋ ಬೀಳುತ್ತದೆ. ಇಂಥ ಚುಕ್ಕಿಯನ್ನು ನಂಬಿ ಗಾಡಿಯವನು ಬೇರೆ ರಸ್ತೆಗೆ ತಿರುಗಿದರೆ ಆ ಮೇಲಿನ ಫೋನು ಮಾತುಕತೆಯೇ ವಾಸಿ. ಆದ್ದರಿಂದ ಸ್ಕ್ರಿಪ್ಟಿಗೆ ಒಂದು ನಿಯಮ ಸೇರಿಸಿದೆ: ಎಸಿಸಿ 500 ದಾಟಿದ ಸಂದೇಶ ಬಂದರೆ, ಅದಕ್ಕಿಂತ ಸ್ವಲ್ಪ ಹಿಂದಿನ ಒಳ್ಳೆಯ ಚುಕ್ಕಿ ಇದ್ದರೆ ಅದನ್ನೇ ಉಳಿಸಿಕೊ.

ಇನ್ನೊಂದು ವಿಷಯ. ಜಿಪಿಎಸ್ಸಿಗೆ ಇಂಟರ್ನೆಟ್ ಬೇಕಿಲ್ಲ. ಆದರೆ ಫೋನುಗಳು ಉಪಗ್ರಹಗಳ ಪಟ್ಟಿಯನ್ನು ಇಂಟರ್ನೆಟ್ಟಿನಿಂದ ಮೊದಲೇ ಇಳಿಸಿಕೊಂಡು ಬೇಗ ಜಾಗ ಹಿಡಿಯುತ್ತವೆ. ಉಪಗ್ರಹವೇ ಆ ಪೂರ್ತಿ ಪಟ್ಟಿಯನ್ನು ಕಳಿಸುವುದಕ್ಕೆ 12.5 ನಿಮಿಷ ಹಿಡಿಯುತ್ತದೆ. ಸಿಗ್ನಲ್ ಇಲ್ಲದ ಕಡೆ ಫೋನನ್ನು ಆರಿಸಿ ಹಚ್ಚಿದರೆ ಚುಕ್ಕಿ ತಡವಾಗಿ ಬರುವುದಕ್ಕೆ ಇದೂ ಒಂದು ಕಾರಣ. ಹೊಸ ಕೆಲವು ಫೋನುಗಳು ಜಿಪಿಎಸ್ ಥರದ, ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹಗಳನ್ನೂ ಬಳಸಬಲ್ಲವು. ಹಾಸನದವರಿಗೆ ಇದು ಹೆಮ್ಮೆಯ ವಿಷಯ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ 1982ರಿಂದ ದೇಶದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. 2013ರಲ್ಲಿ ಮೊದಲ ನಾವಿಕ್ ಉಪಗ್ರಹ ಹಾರಿದ ಮೇಲೆ ಅದನ್ನು ಕಕ್ಷೆಗೆ ಏರಿಸಿದ್ದೂ ಇಲ್ಲಿಂದಲೇ.

ಚುಕ್ಕಿಯ ವಯಸ್ಸು

ನಡೆಯುವವರೊಬ್ಬರ ತಾಯಿಗೆ ಮನೆಯ ಖಾತೆ ಹಾಕಿಕೊಟ್ಟು ಬೇಲೂರು ರಸ್ತೆಯಲ್ಲಿ ಅಭ್ಯಾಸಕ್ಕೆ ಹೋಗಿದ್ದೆವು. ಸಂಜೆ ಅವರೇ ಫೋನು ಮಾಡಿದರು. "ಏನ್ ಮಗಾ, ಇವ್ನ ಚುಕ್ಕಿ ಅಲ್ಲಾಡ್ತಾನೇ ಇಲ್ವಲ್ಲ, ಎಲ್ಲಾದ್ರೂ ಬಿದ್ದಿದಾನೇನೋ?" ದನಿಯಲ್ಲಿ ಅಳು ಇತ್ತು. ಹುಡುಗನ ಫೋನಿನ ಡೇಟಾ ಪ್ಯಾಕು ಮುಗಿದಿತ್ತು, ಅಷ್ಟೇ. ಚುಕ್ಕಿ ನಿಂತಿದೆ ಅಂದರೆ ಮನುಷ್ಯ ನಿಂತಿದ್ದಾನೆ ಅಂತಲೋ, ಸುದ್ದಿ ನಿಂತಿದೆ ಅಂತಲೋ? ನಕ್ಷೆ ಅದನ್ನು ಹೇಳುವುದಿಲ್ಲ. ಎರಡೂ ಒಂದೇ ಥರ ಕಾಣುತ್ತವೆ. ಲೊಕೇಶನ್ ಹಂಚುವ ಯಾವ ಆ್ಯಪಿನಲ್ಲಾದರೂ ಜನ ಭಯ ಬೀಳುವುದು, ಜಗಳ ಆಡುವುದು ಬಹುಪಾಲು ಇದೊಂದೇ ಕಾರಣಕ್ಕೆ ಅಂತ ನನಗೆ ಈಗ ಖಾತ್ರಿಯಾಗಿದೆ.

ಓನ್‌ಟ್ರ್ಯಾಕ್ಸ್ ಪ್ರತಿ ಸಂದೇಶದಲ್ಲೂ ಟಿಎಸ್‌ಟಿ ಅನ್ನುವ ಒಂದು ಸಂಖ್ಯೆ ಇಟ್ಟಿರುತ್ತದೆ. ಅದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು, ಜಾಗ ಹಿಡಿದ ಕ್ಷಣದ್ದು. ಸಂದೇಶ ಸರ್ವರಿಗೆ ಮುಟ್ಟಿದ ಕ್ಷಣ ಬೇರೆ. ಸಿಗ್ನಲ್ ಇಲ್ಲದಾಗ ಆ್ಯಪು ಸಂದೇಶಗಳನ್ನು ಫೋನಿನಲ್ಲೇ ಸಾಲಾಗಿ ಕೂಡಿಟ್ಟು, ಸಿಗ್ನಲ್ ಬಂದ ಕೂಡಲೇ ಒಟ್ಟಿಗೆ ಸುರಿಯುತ್ತದೆ. ಮುಟ್ಟಿದ ಹೊತ್ತನ್ನು ನೋಡಿದರೆ ಎಲ್ಲವೂ ಹೊಸ ಸುದ್ದಿ, ಹಿಡಿದ ಹೊತ್ತನ್ನು ನೋಡಿದರೆ ಮೊದಲಿನವು ಒಂದು ಗಂಟೆ ಹಳೆಯವು. ಲೆಕ್ಕಕ್ಕೆ ಹಿಡಿಯಬೇಕಾದ್ದು ಎರಡನೆಯದನ್ನೇ.

ಆದ್ದರಿಂದ ಗಾಡಿಯವನಿಗೆ ಆ್ಯಪಿನ ಜೊತೆಗೆ ಒಂದು ವೆಬ್ ಪುಟವನ್ನೂ ಮಾಡಿಕೊಟ್ಟೆ. ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಮುಕ್ತ ನಕ್ಷೆಯವರದು, ಅದನ್ನು ಪುಟದಲ್ಲಿ ತೋರಿಸುವುದು ಲೀಫ್‌ಲೆಟ್ ಅನ್ನುವ ತಂತ್ರಾಂಶ, ಸುದ್ದಿ ಬರುವುದು ಬ್ರೌಸರಿಗೆ ಸಂದೇಶ ಕೊಡಲು ಮಸ್ಕಿಟೊದಲ್ಲಿರುವ ವೆಬ್‌ಸಾಕೆಟ್ ಪೋರ್ಟಿನಿಂದ. ಚುಕ್ಕಿ ಹತ್ತು ನಿಮಿಷದ ಒಳಗಿನದಾದರೆ ಹಸಿರು, ಒಂದು ಗಂಟೆಯ ಒಳಗಿನದು ಹಳದಿ, ಅದಕ್ಕೂ ಹಳೆಯದಾದರೆ ಬೂದು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "25 ನಿಮಿಷದ ಹಿಂದೆ, ಬ್ಯಾಟರಿ 40". ಜೊತೆಗೆ ಚುಕ್ಕಿಯ ಸುತ್ತ ಒಂದು ವೃತ್ತ. ಗಂಟೆಗೆ 5 ಕಿಲೋಮೀಟರ್ ನಡಿಗೆ ಅಂತ ಲೆಕ್ಕ ಹಿಡಿದು, ಚುಕ್ಕಿ ಹಳೆಯದಾದಷ್ಟೂ ಆ ವೃತ್ತ ಹಿಗ್ಗುತ್ತಾ ಹೋಗುತ್ತದೆ. ಮನುಷ್ಯ ಈ ವೃತ್ತದೊಳಗೆ ಎಲ್ಲಾದರೂ ಇರಬಹುದು ಅಂತ ಅರ್ಥ. ಘಾಟಿ ರಸ್ತೆ ಸುತ್ತಿ ಸುತ್ತಿ ಇಳಿಯುವುದರಿಂದ ಅಸಲಿಗೆ ಇನ್ನೂ ಹತ್ತಿರವೇ ಇರುತ್ತಾರೆ, ಹಾಗಾಗಿ ವೃತ್ತ ಸ್ವಲ್ಪ ದೊಡ್ಡದಾದರೆ ಅಡ್ಡಿಯಿಲ್ಲ.

ಸ್ಕ್ರಿಪ್ಟು ಬರೆಯುವವರು ಗಮನಿಸಬೇಕಾದ್ದು ಒಂದಿದೆ. ಅದೇ ವಿಳಾಸಕ್ಕೆ ಎಲ್‌ಡಬ್ಲ್ಯೂಟಿ ಅನ್ನುವ ಬೇರೊಂದು ಬಗೆಯ ಸಂದೇಶವೂ ಬರುತ್ತದೆ. ಫೋನಿನ ಸಂಪರ್ಕ ಕಡಿದಾಗ ಅದರ ಪರವಾಗಿ ಬ್ರೋಕರೇ ಹೊರಡಿಸುವಂಥದ್ದು. ಅದರಲ್ಲಿ ಅಕ್ಷಾಂಶ ಇರುವುದಿಲ್ಲ. ಸಂದೇಶದ ಬಗೆ ಲೊಕೇಶನ್ ಆಗಿದ್ದರೆ ಮಾತ್ರ ಮುಂದುವರಿಯಬೇಕು, ಇಲ್ಲದಿದ್ದರೆ ಯಾರೋ ಒಬ್ಬರ ಸಿಗ್ನಲ್ ಹೋದ ಕೂಡಲೇ ಸ್ಕ್ರಿಪ್ಟು ಬಿದ್ದುಹೋಗುತ್ತದೆ.

ದಾರಿಯಲ್ಲಿ

ಹಾಸನದಿಂದ ಬೇಲೂರು, ಅಲ್ಲಿಂದ ಮೂಡಿಗೆರೆವರೆಗೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಚುಕ್ಕಿಗಳು ಹಸಿರಾಗಿಯೇ ಇದ್ದವು. ರಸ್ತೆ ಬದಿಯಲ್ಲಿ ಊರವರು ಮಜ್ಜಿಗೆ, ಪಾನಕ ಇಟ್ಟುಕೊಂಡು ನಿಲ್ಲಿಸಿ ಕೊಡುತ್ತಿದ್ದರು. ಎಲ್ಲರೂ ಎಲ್ಲಿ ನಿಲ್ಲುತ್ತಿದ್ದಾರೆ ಅಂತ ನೋಡಿಕೊಂಡೇ ಗಾಡಿಯವನು ಮುಂದಿನ ಅಡುಗೆಯ ಜಾಗ ಗೊತ್ತು ಮಾಡುತ್ತಿದ್ದ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಘಾಟಿ ಇಳಿಯುವ ಮುಂಚೆ ಮೊದಲೇ ಮಾತಾಡಿಕೊಂಡಂತೆ ಮಾಡಿದೆವು. ಪ್ರತಿಯೊಬ್ಬರೂ ಆ್ಯಪಿನ ಗುಂಡಿ ಒತ್ತಿ ಕೈಯಾರೆ ಒಂದು ಚುಕ್ಕಿ ಕಳಿಸುವುದು, ಆಮೇಲೆ ಎಲ್ಲರೂ ಮೂವ್ ಮೋಡ್, ಇಬ್ಬಿಬ್ಬರಾಗಿ ನಡೆಯುವುದು. ಗಾಡಿ ಇಳಿದುಹೋಗಿ ಕೆಳಗೆ ಚಾರ್ಮಾಡಿ ಊರಿನಲ್ಲಿ ಕಾಯುವುದು.

ಚಾರ್ಮಾಡಿಯ ತಿರುವುಗಳಲ್ಲಿ ಸಿಗ್ನಲ್ ಬಿಟ್ಟುಬಿಟ್ಟು ಸಿಗುತ್ತದೆ. ಗಾಡಿಯವನ ಪರದೆಯಲ್ಲಿ ಚುಕ್ಕಿಗಳು ಒಂದೊಂದಾಗಿ ಹಳದಿಯಾದವು, ವೃತ್ತಗಳು ಹಿಗ್ಗಿದವು. ಯಾರೂ ಗಾಬರಿಯಾಗಲಿಲ್ಲ, ಹೀಗೇ ಆಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕೆಳಗೆ ಬರುತ್ತಿದ್ದಂತೆ ಒಬ್ಬೊಬ್ಬರ ಫೋನೂ ಕೂಡಿಟ್ಟ ಸಂದೇಶಗಳನ್ನು ಸುರಿಯಿತು. ಚುಕ್ಕಿ ತಿರುವು ತಿರುವು ಇಳಿದು ಹಸಿರಾಯಿತು.

ಕೊನೆಯ ಇಬ್ಬರದು ಮಾತ್ರ ಬೂದು ಆಗಿಯೇ ಉಳಿಯಿತು. ಒಬ್ಬರ ಬ್ಯಾಟರಿ ಕಡೆಯದಾಗಿ ತೋರಿಸಿದ್ದು 6, ಅಂದರೆ ಫೋನು ಆರಿದೆ. ಇನ್ನೊಬ್ಬರದು 70ರ ಮೇಲಿತ್ತು, ಅಂದರೆ ಫೋನು ಚೆನ್ನಾಗಿದೆ, ಸಿಗ್ನಲ್ ಇಲ್ಲದ ಜಾಗದಲ್ಲೇ ನಿಂತಿದ್ದಾರೆ. ವೃತ್ತ ನೋಡಿದರೆ ಅದು ಆಗಲೇ ಚಾರ್ಮಾಡಿ ಊರನ್ನೂ ದಾಟಿತ್ತು. ನಡೆಯುತ್ತಿದ್ದರೆ ಇಷ್ಟೊತ್ತಿಗೆ ಇಲ್ಲಿ ಇರಬೇಕಿತ್ತು. ಗಾಡಿಯವನು ಇನ್ನು ಕಾಯಲಿಲ್ಲ. ತಿರುಗಿ ಘಾಟಿ ಹತ್ತಿದ. ಕೊನೆಯ ಚುಕ್ಕಿಯಿಂದ ಕೆಳಕ್ಕೆ ಎರಡು ತಿರುವು ದಾಟಿದ ಜಾಗದಲ್ಲಿ ತಡೆಗೋಡೆಯ ಮೇಲೆ ಇಬ್ಬರೂ ಕೂತಿದ್ದರು. ಒಬ್ಬರ ಕಾಲು ಉಳುಕಿ ಊದಿಕೊಂಡಿತ್ತು. "ಬರ್ತೀಯ ಅಂತ ಗೊತ್ತಿತ್ತು ಕಣೋ, ಅದಕ್ಕೇ ಅಲ್ಲಾಡ್ಲಿಲ್ಲ" ಅಂದರಂತೆ. ಅವರನ್ನು ಹತ್ತಿಸಿಕೊಂಡು ಉಜಿರೆಯಲ್ಲಿ ಡಾಕ್ಟರಿಗೆ ತೋರಿಸಿ, ಅಲ್ಲಿಂದ ಮುಂದಕ್ಕೆ ಗಾಡಿಯಲ್ಲೇ ಧರ್ಮಸ್ಥಳಕ್ಕೆ ಕರೆದುಕೊಂಡು ಹೋದರು.

ಮುಗಿದ ಮೇಲೆ

ಎಂಕ್ಯೂಟಿಟಿಯಲ್ಲಿ ರಿಟೇನ್ ಅನ್ನುವ ಒಂದು ಗುಣ ಇದೆ. ಪ್ರತಿ ವಿಳಾಸದ ಕೊನೆಯ ಸಂದೇಶವನ್ನು ಬ್ರೋಕರ್ ಹಿಡಿದಿಟ್ಟುಕೊಂಡು, ಹೊಸದಾಗಿ ಸಂಪರ್ಕಕ್ಕೆ ಬಂದವರಿಗೆ ತಕ್ಷಣ ಕೊಡುತ್ತದೆ. ಆ್ಯಪು ತೆರೆದ ಕೂಡಲೇ ಗೆಳೆಯರು ಕಾಣುವುದು ಇದರಿಂದಲೇ. ಇದೇ ಕಾರಣಕ್ಕೆ, ಎಲ್ಲರೂ ಆ್ಯಪು ತೆಗೆದುಹಾಕಿದ ಮೇಲೂ ಕೊನೆಯ ಚುಕ್ಕಿಗಳು ಸರ್ವರಿನಲ್ಲಿ ಹಾಗೇ ಇರುತ್ತವೆ. ಬಹುಪಾಲು ಅವು ಅವರವರ ಮನೆಯ ಬಾಗಿಲಿನ ಚುಕ್ಕಿಗಳು. ಹಾಗೆ ಬಿಡಬಾರದು. ಪ್ರತಿ ವಿಳಾಸಕ್ಕೂ ರಿಟೇನ್ ಗುರುತು ಹಾಕಿ ಖಾಲಿ ಸಂದೇಶ ಕಳಿಸಿದರೆ ಅದು ಅಳಿಯುತ್ತದೆ. ಹೆಸರು, ಫೋಟೋ ಇರುವ ಇನ್ಫೋ ವಿಳಾಸಕ್ಕೂ ಹೀಗೇ ಮಾಡಬೇಕು, "ಮನೆ" ವಿಳಾಸಗಳಿಗೂ ಮಾಡಬೇಕು. ಅದಾದ ಮೇಲೆ ಹೊಸ ಖಾತೆಯೊಂದರಿಂದ ಸಂಪರ್ಕಿಸಿ, ಏನೂ ಬರುತ್ತಿಲ್ಲ ಅಂತ ತಂಡದವರ ಎದುರಿಗೇ ತೋರಿಸಿದೆ. ಆಮೇಲೆ ಖಾತೆಗಳನ್ನೆಲ್ಲ ತೆಗೆದು, ಬಾಡಿಗೆಯ ಸರ್ವರನ್ನು ಡಿಸ್ಕಿನ ಸಮೇತ ಅಳಿಸಿದೆ. ಎಸಿಎಲ್ ಫೈಲು, ಸ್ಕ್ರಿಪ್ಟು, ವೆಬ್ ಪುಟ ಇವಿಷ್ಟನ್ನು ನನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೇನೆ. ಅವುಗಳಲ್ಲಿ ಯಾರ ಜಾಗವೂ ಇಲ್ಲ.

ಮುಂದಿನ ಶಿವರಾತ್ರಿಗೆ ಮಾಡಬೇಕಾದ ಬದಲಾವಣೆ ಎರಡಿವೆ. ಐಫೋನಿನಲ್ಲಿ ಸಿಗ್ನಿಫಿಕೆಂಟ್ ಮೋಡ್ ಅಂದರೆ ಆ್ಯಪಲ್‌ನವರ ಲೆಕ್ಕದಲ್ಲಿ 500 ಮೀಟರ್ ಅಥವಾ ಹೆಚ್ಚು ಸರಿದಾಗ, ಅದೂ ಐದು ನಿಮಿಷಕ್ಕಿಂತ ಬೇಗ ಅಲ್ಲ. ನಡಿಗೆಯ ವೇಗಕ್ಕೆ ಇದು ಸಾಕಾಗಬೇಕು, ಆದರೆ ಟವರು ಕಡಿಮೆ ಇರುವ ತೋಟದ ದಾರಿಯಲ್ಲಿ ಬಹಳ ಹೊತ್ತು ಸುಮ್ಮನಾಗುತ್ತಿತ್ತು. ಐಫೋನ್ ಇರುವವರಿಗೆ ಕೊಟ್ಟಿಗೆಹಾರಕ್ಕಿಂತ ಮುಂಚೆಯೇ, ಮೂಡಿಗೆರೆಯಿಂದಲೇ ಮೂವ್ ಹಾಕಿ ನೋಡಬೇಕು. ಎರಡನೆಯದು, ಬಣ್ಣ ಮತ್ತು "ಎಷ್ಟು ಹೊತ್ತಿನ ಹಿಂದೆ" ಅನ್ನುವ ದಪ್ಪ ಅಕ್ಷರ ಇದ್ದಿದ್ದು ಗಾಡಿಯವನ ಪುಟದಲ್ಲಿ ಮಾತ್ರ. ಮನೆಯವರೂ ಆ್ಯಪಿನ ಬದಲು ಅಂಥದ್ದೇ ಒಂದು ಪುಟ ನೋಡುವ ಹಾಗೆ ಮಾಡಬೇಕು. ಅದರಲ್ಲಿ ನಕ್ಷೆಗಿಂತ ಮೇಲೆ, ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡದಾಗಿ ಬರೆಯಬೇಕು: "ಮೂಡಿಗೆರೆ ಹತ್ತಿರ, 40 ನಿಮಿಷದ ಹಿಂದಿನ ಸುದ್ದಿ, ಫೋನಿನಲ್ಲಿ ಚಾರ್ಜ್ ಇದೆ."